ನಿಮಗಿದು ಗೊತ್ತೇ? ಕಿತ್ತೂರು ಸೀಮೆಯ ಏರುದನಿ

ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲಿ ರಟ್ಟಿನ ಕತ್ತಿ ಹಿಡಿದು, ಕಪ್ಪ ಕೇಳಲು ಬಂದವನ ಮೇಲೆ ಗುಡುಗುವ ಪುಟ್ಟ ಚೆನ್ನಮ್ಮಂದಿರನ್ನು ನೀವು ನೋಡಿಯೇ ಇರುತ್ತೀರಿ. ಆ ಮಾತುಗಳು 1824ರಲ್ಲಿ ಯಾರೋ ಕೇಳಿ ಬರೆದಿಟ್ಟವಲ್ಲ. ನಾಟಕ, ಸಿನಿಮಾದವರು ರಾಣಿಯ ಬಾಯಲ್ಲಿ ಆಡಿಸಿದವು. ಅವನ್ನು ಮನೆಮನೆಗೆ ಮುಟ್ಟಿಸಿದ್ದು 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದ ಬಿ. ಸರೋಜಾದೇವಿ.

ಅದರ ನಿರ್ದೇಶಕ ಬಿ.ಆರ್. ಪಂತುಲು ಎರಡು ವರ್ಷ ಮೊದಲು ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ತೆಗೆದಿದ್ದರು. ಅಲ್ಲೂ ಕಪ್ಪದ ಜಗಳ, ಅಲ್ಲೂ ಸಿಡಿಲಿನಂಥ ಸಂಭಾಷಣೆ, ಆಡಿದವರು ಶಿವಾಜಿ ಗಣೇಶನ್. ಎರಡು ನಾಡಿನ ಮಕ್ಕಳಿಗೆ ಬಾಯಿಪಾಠ ಒದಗಿಸಿದ್ದು ಒಬ್ಬರೇ ನಿರ್ದೇಶಕ!

ತಮಾಷೆಯೆಂದರೆ, ಕಿತ್ತೂರು ಮೊದಲು ಈಸ್ಟ್ ಇಂಡಿಯಾ ಕಂಪನಿಗೆ ಕಪ್ಪ ಕಟ್ಟುತ್ತಲೇ ಇತ್ತು. ಜಗಳ ಹತ್ತಿದ್ದು ದತ್ತುಪುತ್ರ ಶಿವಲಿಂಗಪ್ಪನ ಹಕ್ಕನ್ನು ಕಂಪನಿ ಒಪ್ಪದಿದ್ದಾಗ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಸತ್ತ ಧಾರವಾಡದ ಕಲೆಕ್ಟರ್ ಥ್ಯಾಕರೆ, ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ. ದತ್ತಕದ ತಕರಾರನ್ನು ವೇದಿಕೆಯ ಮೇಲೆ ಕೂಗಿ ಹೇಳುವುದು ಕಷ್ಟ, ಕಪ್ಪ ಸಲೀಸು. ನಾಟಕದವರ ಜಾಣತನಕ್ಕೆ ಶರಣು.

ಈ ಸೀಮೆಯ ಏರುದನಿ ನಾಟಕಕ್ಕಷ್ಟೇ ಸೀಮಿತವಲ್ಲ. ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರನ ಜಾತ್ರೆಗೆ ಹೋಗಿದ್ದೀರಾ? ಖಡ್ಗ ಝಳಪಿಸುತ್ತ ವೀರಭದ್ರನ ಭಕ್ತರಾದ ಪುರವಂತರು ಒಡಪು ಎಂಬ ಏರುದನಿಯ ನುಡಿಗಳನ್ನು ಹೇಳುತ್ತಾರೆ. ಒಂದೊಂದು ಒಡಪು ಮುಗಿದಂತೆ ವಾದ್ಯ ಮೊಳಗುತ್ತದೆ. ಮೈಕು ಬರುವ ಮೊದಲೇ ಇದ್ದ ಭಾಷಣಕಲೆ ಇದು.

ಇದೇ ಸೀಮೆಯ ಸವದತ್ತಿ ತಾಲ್ಲೂಕಿನ ಏಣಗಿಯವರು ರಂಗನಟ ಬಾಳಪ್ಪ (1914–2017). ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಅವರ ಮಾತು ಕೇಳಿ, ಅವರನ್ನೇ ಬಸವಣ್ಣನೆಂದು ಕಂಡವರುಂಟು.

ಏರುದನಿಯ ಮಾತಿನಲ್ಲೂ ಚಿಕ್ಕದೇ ಬಾಯಲ್ಲಿ ಉಳಿಯುತ್ತದೆ. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ತಾಸು ಮಾತಾಡಿದ. ಬಳಿಕ ಎದ್ದ ಅಧ್ಯಕ್ಷ ಲಿಂಕನ್ ಆಡಿದ್ದು ಸುಮಾರು 270 ಪದ. ಜನ ಇಂದಿಗೂ ಗಟ್ಟಿಯಾಗಿ ಓದುವುದು ಲಿಂಕನ್‌ನನ್ನೇ. ನಮ್ಮ ಸ್ವಾಗತ ಭಾಷಣಕಾರರ ಗಮನಕ್ಕೆ!

ಇನ್ನು, ಕಂಪನಿಗೆ ಸೆರೆಸಿಕ್ಕ ಚೆನ್ನಮ್ಮ 1829ರ ಫೆಬ್ರುವರಿ 2ರಂದು ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಸಮಾಧಿಯೂ ಆ ಊರಲ್ಲಿದೆ. ಮಕ್ಕಳಿಗೆ ಡೈಲಾಗು ಕಲಿಸುವ ಅಪ್ಪ–ಅಮ್ಮಂದಿರೇ, ಮುಂದಿನ ಕಿತ್ತೂರು ಉತ್ಸವಕ್ಕೆ ಅವರನ್ನು ಕರೆತಂದಾಗ ಬೈಲಹೊಂಗಲಕ್ಕೂ ಕರೆದೊಯ್ಯಿರಿ. ಶಿವಲಿಂಗಪ್ಪನ ಕಥೆಯನ್ನೂ ಹೇಳಿ.