ಹೊಸ ಕಾಗದಕ್ಕೆ ಅಜ್ಜನ ವಯಸ್ಸು

ಮಕ್ಕಳೇ, ರಜೆಯಲ್ಲಿ ಕತ್ತರಿ, ಅಂಟು ಹಿಡಿದು ಕೊಲಾಜ್ ಮಾಡಲು ಕುಳಿತರೆ ಕಣ್ಣು ಮೊದಲು ಹೋಗುವುದು ಅಜ್ಜಿಯ ಟ್ರಂಕಿನ ಕಡೆಗೆ. ಅದರಲ್ಲಿ ಹಳದಿಗಟ್ಟಿದ ಪತ್ರ, ಲಗ್ನಪತ್ರಿಕೆ, ಅಂಗಡಿ ಚೀಟಿಗಳೆಲ್ಲ ಇರುತ್ತವೆ. ಚಿತ್ರಕ್ಕೆ ಅಂಟಿಸಿದರೆ ಬಲು ಚೆಂದ, ನಿಜ. ಆದರೆ ಒಮ್ಮೆ ಕತ್ತರಿಸಿದ ಪತ್ರ ಮತ್ತೆ ಸಿಗುವುದಿಲ್ಲ. ಅದಕ್ಕೇ ಹೊಸ ಕಾಗದವನ್ನೇ ಹಳತಿನಂತೆ ಕಾಣಿಸುವ ಉಪಾಯ ಹೇಳುತ್ತೇನೆ.

ಕೊಲಾಜ್ ಎಂದರೆ ಅಂಟಿಸಿ ಮಾಡುವ ಚಿತ್ರ. 1912ರಲ್ಲಿ ಪಿಕಾಸೊ ಮತ್ತು ಬ್ರಾಕ್ ಎಂಬ ಕಲಾವಿದರು ಪತ್ರಿಕೆಯ ತುಂಡು, ಗೋಡೆಗೆ ಅಂಟಿಸುವ ಕಾಗದಗಳನ್ನೆಲ್ಲ ಚಿತ್ರಗಳಲ್ಲಿ ಬಳಸಿದ ಮೇಲೆ ಈ ಕಲೆ ಹೆಸರಾಯಿತು.

ಕಾಗದ ಹಳದಿಯಾಗುವುದೇಕೆ? ಮರದ ತಿರುಳಿನಲ್ಲಿ ಲಿಗ್ನಿನ್ ಎಂಬ ವಸ್ತುವಿದೆ. ಬೆಳಕು, ಗಾಳಿ ತಾಗಿದರೆ ಅದು ಹಳದಿಗೆ ತಿರುಗುತ್ತದೆ. ದಿನಪತ್ರಿಕೆಯ ಅಗ್ಗದ ಕಾಗದದಲ್ಲಿ ಲಿಗ್ನಿನ್ ಹೆಚ್ಚು. ಪರೀಕ್ಷೆ ಮಾಡಿ ನೋಡಿ: ಪತ್ರಿಕೆಯ ಹಾಳೆಯ ಮೇಲೆ ಹಲಸಿನ ಎಲೆಯಿಟ್ಟು, ಹಾರದಂತೆ ಮೇಲೊಂದು ಕಲ್ಲು ಹೇರಿ, ಒಂದು ವಾರ ಬಿಸಿಲಿಗಿಡಿ. ಸುತ್ತ ಹಳದಿಯಾಗಿ, ಎಲೆಯ ಆಕಾರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಅದೇ ಒಂದು ಚಿತ್ರ!

ವಾರ ಕಾಯಲಾರದವರಿಗೆ ಚಹಾ ಇದೆ. ಒಂದು ಲೋಟ ನೀರಿಗೆ ಎರಡು ಚಮಚ ಚಹಾಪುಡಿ ಹಾಕಿ, ದೊಡ್ಡವರಿಂದ ಐದು ನಿಮಿಷ ಕುದಿಸಿ, ಸೋಸಿ, ಆರಿಸಿ. ಹಾಲು, ಸಕ್ಕರೆ ಬೇಡ. ಇರುವೆಗಳು ಹಬ್ಬ ಮಾಡಿಯಾವು! ನೋಟ್‌ಬುಕ್ಕಿನ ತೆಳು ಹಾಳೆ ನೀರಿನಲ್ಲಿ ಹರಿಯುತ್ತದೆ, ಡ್ರಾಯಿಂಗ್ ಹಾಳೆ ತಡೆಯುತ್ತದೆ. ಹಾಳೆಯನ್ನು ಉಂಡೆ ಮಾಡಿ ಬಿಡಿಸಿ, ಅಗಲ ತಟ್ಟೆಯಲ್ಲಿ ಈ ಡಿಕಾಕ್ಷನ್ ಸುರಿದು ಹತ್ತು ನಿಮಿಷ ನೆನೆಸಿ. ಸುಕ್ಕಿನ ಗೆರೆಗಳಲ್ಲಿ ಬಣ್ಣ ಗಾಢವಾಗಿ ಕೂರುತ್ತದೆ. ಎರಡೂ ಕೈಯಿಂದ ಮೆಲ್ಲಗೆ ಎತ್ತಿ, ಹಳೆ ಬಟ್ಟೆಯ ಮೇಲೆ ನೆರಳಿನಲ್ಲಿ ಒಣಗಿಸಿ. ಒದ್ದೆಯಿರುವಾಗಲೇ ನಾಲ್ಕು ಕಾಳು ಇನ್‌ಸ್ಟಂಟ್ ಕಾಫಿ ಉದುರಿಸಿದರೆ ಕಂದು ಚುಕ್ಕೆಗಳು ಮೂಡುತ್ತವೆ. ಮಲೆನಾಡಿನ ಮಕ್ಕಳಿಗೆ ಇನ್ನೂ ಸುಲಭ: ಅಡಿಕೆ ಬೇಯಿಸಿದ ಚೊಗರು ಕೆಂಗಂದು ಬಣ್ಣ ಕೊಡುತ್ತದೆ.

ನಿಜವಾದ ಹಳೆ ಕಾಗದದಲ್ಲಿ ಗಾಳಿ ಹೆಚ್ಚು ತಾಗುವ ಅಂಚೇ ಮೊದಲು ಕಂದುತ್ತದೆ. ಆದ್ದರಿಂದ ನಮ್ಮ ಹಾಳೆಯ ಅಂಚಿಗೂ ಕುಂಚದಿಂದ ಇನ್ನೊಮ್ಮೆ ಡಿಕಾಕ್ಷನ್ ಬಳಿಯಿರಿ. ಕೆಲವರು ಅಂಚನ್ನು ಮೇಣದಬತ್ತಿಗೆ ಹಿಡಿದು ಸುಡುತ್ತಾರೆ. ಅದು ಬೇಡವೇ ಬೇಡ. ಕೈಯಲ್ಲೇ ಹರಿದರೆ ಸಾಕು.

ಅಜ್ಜನ ಕೈಬರಹವೇ ಚಿತ್ರದಲ್ಲಿ ಬೇಕೆಂದರೆ? ಪತ್ರವನ್ನು ಜೆರಾಕ್ಸ್ ಮಾಡಿಸಿ, ಆ ಪ್ರತಿಯನ್ನು ಚಹಾದಲ್ಲಿ ಅದ್ದಿ. ಜೆರಾಕ್ಸಿನ ಕಪ್ಪು ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಕಚ್ಚಿಕೊಂಡಿರುವುದರಿಂದ ಅಕ್ಷರ ಕದಡುವುದಿಲ್ಲ. ಮೂಲಪತ್ರಕ್ಕೆ ಮಾತ್ರ ನೀರು ತಾಗಿಸಬೇಡಿ. ಶಾಯಿ ಪೆನ್ನಿನ ಬರಹ ಕ್ಷಣದಲ್ಲಿ ಹರಡಿಹೋಗುತ್ತದೆ.

ಅರಸರ ಕಾಲದ ಚಿತ್ರಕ್ಕಾದರೆ ಕಡತ ಮಾಡಿ. ನಮ್ಮ ನಾಡಿನಲ್ಲಿ ಹಿಂದೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಪದರ ಪದರವಾಗಿ ಮಡಿಸಿ, ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಅದಕ್ಕೆ ಕಡತ ಎಂದು ಹೆಸರು. ಕಚೇರಿಯ ಫೈಲನ್ನು ನಾವು ಇಂದಿಗೂ ಕಡತ ಎನ್ನುತ್ತೇವಲ್ಲ! ಉದ್ದನೆಯ ಹಾಳೆಗೆ ಕಪ್ಪು ಬಣ್ಣ ಬಳಿದು, ಬೀಸಣಿಗೆಯಂತೆ ಮಡಿಸಿ, ಬಿಳಿ ಪೆನ್ಸಿಲ್ಲಿನಲ್ಲಿ ಬರೆದರೆ ಪುಟಾಣಿ ಕಡತ ಸಿದ್ಧ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಕಾಗದ ಎಂದರೆ ಸಾಕ್ಷಿ. ಹಾಗಾಗಿ ಒಂದು ಮಾತು ಹೇಳಲೇಬೇಕು. ನೀವು ಮಾಡಿದ ಪ್ರತಿ ಹಾಳೆಯ ಬೆನ್ನಿಗೆ ನಿಮ್ಮ ಹೆಸರು, ಇಂದಿನ ತಾರೀಕು ಬರೆಯಿರಿ. ಅಲಂಕಾರಕ್ಕೆ ಮಾಡಿದ್ದನ್ನು ಮುಂದೆ ಯಾರೂ ನಿಜವೆಂದು ತಿಳಿಯಬಾರದು. ನೋಟು, ಛಾಪಾ ಕಾಗದಗಳನ್ನಂತೂ ಆಟಕ್ಕೂ ನಕಲು ಮಾಡಬಾರದು. ಚಹಾದ ಹಾಳೆಗಳನ್ನು ಹಳೆಯ ಪತ್ರ, ಫೋಟೊಗಳ ಜೊತೆ ಇಡಬೇಡಿ. ಚಹಾದಲ್ಲಿರುವ ಆಮ್ಲದ ಅಂಶ ಪಕ್ಕದ ಕಾಗದಕ್ಕೂ ಹತ್ತಿ ಅದನ್ನು ಕೆಡಿಸಬಹುದು.

ಅಜ್ಜ-ಅಜ್ಜಿಯರೇ, ಈಗ ನಿಮ್ಮ ಪಾಳಿ. ಜೆರಾಕ್ಸಿಗೆ ಕೊಡುವ ಮುನ್ನ ಆ ಪತ್ರವನ್ನು ಮೊಮ್ಮಕ್ಕಳಿಗೆ ಒಮ್ಮೆ ಓದಿ ಹೇಳಿ. ಬರೆದವರು ಯಾರು, ಯಾರಿಗೆ, ಯಾವ ಊರಿನಿಂದ ಎಂದು ಬೇರೊಂದು ಚೀಟಿಯಲ್ಲಿ ಅವರ ಕೈಯಲ್ಲೇ ಬರೆಸಿ, ಪತ್ರದ ಜೊತೆಗಿಡಿ. ಚಹಾ ಬಣ್ಣ ಕೊಟ್ಟೀತು, ಈ ವಿವರ ಕೊಡಬಲ್ಲವರು ನೀವು ಮಾತ್ರ.