ಜಾಲತಾಣಕ್ಕೆ ಮನೆಯ ಕಂಪ್ಯೂಟರಿನಿಂದಲೇ ಬರೆಯಲು ಓಪನ್ ಲೈವ್ ರೈಟರ್: ಅಳವಡಿಸುವ ಕ್ರಮ

ಊರೂರಿನ ಬಸದಿ ಸಮಿತಿಗಳು, ಯುವಕ ಮಂಡಲಗಳು, ಮಹಿಳಾ ಸಮಾಜಗಳು ಈಗ ತಮ್ಮದೇ ಜಾಲತಾಣ ನಡೆಸುತ್ತಿವೆ. ಇವುಗಳಲ್ಲಿ ಅನೇಕವು ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶದಿಂದ ನಡೆಯುತ್ತವೆ. 2003ರಲ್ಲಿ ಬಂದ ಈ ತಂತ್ರಾಂಶವನ್ನು ಇಂದು ಜಗತ್ತಿನ ಜಾಲತಾಣಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ತಾಣಗಳು ಬಳಸುತ್ತಿವೆ.

ತೊಂದರೆ ಇರುವುದು ಬರೆಯುವ ಕಡೆ. ವರ್ಡ್‌ಪ್ರೆಸ್‌ನಲ್ಲಿ ಸಾಮಾನ್ಯವಾಗಿ ಇಂಟರ್ನೆಟ್ ಇರುವಾಗ ಬ್ರೌಸರ್ ತೆರೆದು ಬರೆಯಬೇಕು. ತಾನಾಗಿ ಉಳಿಸಿಕೊಳ್ಳುವ ವ್ಯವಸ್ಥೆ ಅದರಲ್ಲಿದೆ. ಆದರೂ ನೆಟ್‌ವರ್ಕ್ ಬಂದು ಹೋಗುವ ಊರುಗಳಲ್ಲಿ, ಕರೆಂಟ್ ಹೋದ ಹೊತ್ತಿನಲ್ಲಿ, ಅರ್ಧ ಬರೆದ ವರದಿ ಕೈತಪ್ಪುವುದುಂಟು. ಭಾನುವಾರದ ಆರೋಗ್ಯ ಶಿಬಿರದ ಸೂಚನೆ ಸೋಮವಾರ ತಾಣದಲ್ಲಿ ಬಂದರೆ ಯಾರಿಗೂ ಪ್ರಯೋಜನವಿಲ್ಲ. ಕಂಪ್ಯೂಟರಿನಲ್ಲಿಯೇ ನಿಧಾನವಾಗಿ ಬರೆದಿಟ್ಟು, ನೆಟ್ ಸಿಕ್ಕಾಗ ಒಂದೇ ಗುಂಡಿ ಒತ್ತಿ ಕಳುಹಿಸುವಂತಿದ್ದರೆ ಅನುಕೂಲ. ಈ ಕೆಲಸಕ್ಕೆ ಬರುವುದೇ ಓಪನ್ ಲೈವ್ ರೈಟರ್.

ಇದು ಏನು?

ಮೈಕ್ರೋಸಾಫ್ಟ್ ಸಂಸ್ಥೆ ಮೊದಲು ವಿಂಡೋಸ್ ಲೈವ್ ರೈಟರ್ ಎಂಬ ಹೆಸರಿನಲ್ಲಿ ಇದನ್ನು ಕೊಟ್ಟಿತ್ತು. ಡಿಸೆಂಬರ್ 2015ರಲ್ಲಿ ಇದರ ಮೂಲ ಸಂಕೇತವನ್ನು ಸಾರ್ವಜನಿಕಗೊಳಿಸಲಾಯಿತು. ಆಗ ಬಂದ ಹೆಸರೇ ಓಪನ್ ಲೈವ್ ರೈಟರ್. ಹಣ ಕೊಡಬೇಕಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಹೊಸ ಆವೃತ್ತಿಗಳು ವಿರಳ, ಆದರೆ ಬರೆದು, ಚಿತ್ರ ಸೇರಿಸಿ, ವರ್ಡ್‌ಪ್ರೆಸ್‌ಗೆ ಕಳುಹಿಸುವಷ್ಟಕ್ಕೆ ಇದು ಸಾಕು.

ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದು ಕಚ್ಚಾ ಪುಸ್ತಕ, ಜಾಲತಾಣ ಪಕ್ಕಾ ಖಾತೆ. ಕಚ್ಚಾದಲ್ಲಿ ಎಷ್ಟು ಬೇಕಾದರೂ ತಿದ್ದಬಹುದು. ಪಕ್ಕಾ ಖಾತೆಗೆ ಏರಿದ ಮೇಲೆ ಅದನ್ನು ಊರೆಲ್ಲ ಓದುತ್ತದೆ.

ಮೊದಲು ಜಾಲತಾಣದ ಕಡೆಯ ಸಿದ್ಧತೆ

ತಾಣದ ವಿಳಾಸ ‘ಎಚ್‌ಟಿಟಿಪಿಎಸ್’ ಎಂದು ಆರಂಭವಾಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಆಮೇಲೆ ಬರೆಯುವ ಪ್ರತಿಯೊಬ್ಬ ಕಾರ್ಯಕರ್ತರಿಗೂ ಬೇರೆ ಬೇರೆ ಖಾತೆ ತೆರೆಯಬೇಕು. ವರ್ಡ್‌ಪ್ರೆಸ್‌ನಲ್ಲಿ ಖಾತೆಗೆ ದರ್ಜೆಗಳಿವೆ. ‘ಕಾಂಟ್ರಿಬ್ಯೂಟರ್’ ದರ್ಜೆಯವರು ಬರೆಯಬಹುದು, ತಾವೇ ಪ್ರಕಟಿಸುವಂತಿಲ್ಲ, ಚಿತ್ರ ಏರಿಸುವಂತೆಯೂ ಇಲ್ಲ. ‘ಆಥರ್’ ದರ್ಜೆಯವರು ತಮ್ಮ ಬರಹವನ್ನು ಚಿತ್ರಸಹಿತ ಪ್ರಕಟಿಸಬಹುದು. ‘ಎಡಿಟರ್’ ದರ್ಜೆಯವರು ಎಲ್ಲರ ಬರಹವನ್ನೂ ತಿದ್ದಬಹುದು. ಫೋಟೋ ಸಹಿತ ವರದಿ ಕಳುಹಿಸುವವರಿಗೆ ಆಥರ್ ದರ್ಜೆ ಸಾಕು. ಇಡೀ ತಾಣದ ಅಧಿಕಾರವಿರುವ ‘ಅಡ್ಮಿನಿಸ್ಟ್ರೇಟರ್’ ದರ್ಜೆಯನ್ನು ಎಲ್ಲರಿಗೂ ಕೊಡಬಾರದು.

ಮುಂದಿನದು ಮುಖ್ಯವಾದ ಹೆಜ್ಜೆ. 2020ರ ಡಿಸೆಂಬರಿನಲ್ಲಿ ಬಂದ ವರ್ಡ್‌ಪ್ರೆಸ್ 5.6ರಿಂದ ‘ಅಪ್ಲಿಕೇಶನ್ ಪಾಸ್‌ವರ್ಡ್’ ಎಂಬ ಸೌಲಭ್ಯವಿದೆ. ಕಾರ್ಯಕರ್ತರು ತಮ್ಮ ಖಾತೆಯಿಂದ ಒಳಹೊಕ್ಕು, ‘ಪ್ರೊಫೈಲ್’ ಪುಟದ ಕೆಳಭಾಗಕ್ಕೆ ಹೋಗಿ, ‘ಮನೆಯ ಲ್ಯಾಪ್‌ಟಾಪ್’ ಎಂಬಂತೆ ಒಂದು ಹೆಸರು ಕೊಟ್ಟು ಗುಂಡಿ ಒತ್ತಿದರೆ 24 ಅಕ್ಷರಗಳ ಗುಪ್ತಪದ ಕಾಣಿಸುತ್ತದೆ. ಅದು ಒಮ್ಮೆ ಮಾತ್ರ ಕಾಣಿಸುವುದರಿಂದ ಕೂಡಲೇ ನಕಲು ಮಾಡಿಕೊಳ್ಳಬೇಕು.

ಅಳವಡಿಕೆ

1. ಓಪನ್ ಲೈವ್ ರೈಟರ್‌ನ ಅಧಿಕೃತ ಗಿಟ್‌ಹಬ್ ಪುಟದಿಂದಲೇ ಫೈಲ್ ಇಳಿಸಿಕೊಳ್ಳಬೇಕು. ಉಚಿತ ತಂತ್ರಾಂಶ ಹಂಚುವ ಬೇರೆ ತಾಣಗಳಲ್ಲಿ ಬೇಡದ ತಂತ್ರಾಂಶಗಳೂ ಜೊತೆಗೆ ಬರುವ ಅಪಾಯವಿದೆ.

2. ಅಳವಡಿಸಿ ತೆರೆದಾಗ ಯಾವ ಸೇವೆ ಎಂದು ಕೇಳುತ್ತದೆ. ‘ವರ್ಡ್‌ಪ್ರೆಸ್’ ಆರಿಸಬೇಕು.

3. ಜಾಲತಾಣದ ಪೂರ್ಣ ವಿಳಾಸ, ಬಳಕೆದಾರರ ಹೆಸರು, ಗುಪ್ತಪದ ತುಂಬಬೇಕು. ಗುಪ್ತಪದದ ಜಾಗದಲ್ಲಿ ಆ 24 ಅಕ್ಷರಗಳನ್ನು ಹಾಕಬೇಕು. ಕಂಪ್ಯೂಟರ್ ಸ್ವಂತದ್ದಾದರೆ ಮಾತ್ರ ‘ನೆನಪಿಟ್ಟುಕೋ’ ಎಂಬಲ್ಲಿ ಗುರುತು ಹಾಕಬೇಕು. ಸೈಬರ್ ಕೆಫೆಯಲ್ಲಾಗಲಿ ಕಚೇರಿಯ ಕಂಪ್ಯೂಟರಿನಲ್ಲಾಗಲಿ ಹಾಕಬಾರದು.

4. ತಾಣದ ವಿನ್ಯಾಸ ತಿಳಿಯಲು ಒಂದು ತಾತ್ಕಾಲಿಕ ಬರಹ ಹಾಕಿ ಅಳಿಸಲೇ ಎಂದು ಕೇಳುತ್ತದೆ. ಹೊಸ ಬರಹ ಬಂದೊಡನೆ ಓದುಗರಿಗೆ ಇಮೇಲ್ ಹೋಗುವ ವ್ಯವಸ್ಥೆ ತಾಣದಲ್ಲಿದ್ದರೆ ‘ಬೇಡ’ ಎನ್ನುವುದು ಕ್ಷೇಮ. ಇಲ್ಲವಾದರೆ ಅರ್ಥವಿಲ್ಲದ ಸಂದೇಶ ಎಲ್ಲರಿಗೂ ತಲುಪೀತು.

5. ತಾಣಕ್ಕೊಂದು ಹೆಸರು ಕೊಟ್ಟು ಮುಗಿಸಿದರೆ ಬರೆಯುವ ಪುಟ ತೆರೆಯುತ್ತದೆ.

ಕನ್ನಡದ ಅಕ್ಷರ

ಹೆಚ್ಚಿನವರು ಎಡವುವುದು ಇಲ್ಲಿ. ಮುದ್ರಣಾಲಯದಲ್ಲಿ ಪೇಜ್‌ಮೇಕರ್‌ಗಾಗಿ ಹಳೆಯ ನುಡಿ ಅಥವಾ ಬರಹ ಅಕ್ಷರದಲ್ಲಿ ಟೈಪ್ ಮಾಡಿದ ಬರಹವನ್ನು ನೇರವಾಗಿ ಇಲ್ಲಿ ತಂದು ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅದನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿಕೊಂಡೇ ತರಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು, ಅಂಕಿಗಳು ತಪ್ಪುವುದುಂಟು. ಹೆಸರು, ದಿನಾಂಕ, ವೇಳೆಗಳನ್ನು ಮೂಲದೊಡನೆ ಒಮ್ಮೆ ತಾಳೆ ನೋಡಬೇಕು.

ಹೊಸದಾಗಿ ಟೈಪ್ ಮಾಡುವವರಿಗೆ ವಿಂಡೋಸ್‌ನಲ್ಲಿಯೇ ಕನ್ನಡ ಕೀಲಿಮಣೆ ಇದೆ. ಸೆಟ್ಟಿಂಗ್ಸ್‌ನ ಭಾಷಾ ವಿಭಾಗದಲ್ಲಿ ಕನ್ನಡ ಸೇರಿಸಿ, ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ ಬರಬಹುದು. 2019ರ ನಂತರದ ವಿಂಡೋಸ್ 10ರಲ್ಲಿ, ಇಂಗ್ಲಿಷ್ ಅಕ್ಷರದ ಉಚ್ಚಾರಣೆಯಂತೆ ಕನ್ನಡ ಮೂಡುವ ಫೊನೆಟಿಕ್ ಕೀಲಿಮಣೆಯೂ ಸಿಗುತ್ತದೆ.

ಬರೆಯುವಾಗ, ಕಳುಹಿಸುವಾಗ

ಬರೆಯುತ್ತಿರುವಾಗ ಆಗಾಗ ಕಂಟ್ರೋಲ್ ಮತ್ತು ಎಸ್ ಒತ್ತಿ ಉಳಿಸುತ್ತಿರಬೇಕು. ಕರಡು ಆಗ ಕಂಪ್ಯೂಟರಿನಲ್ಲಿಯೇ ಉಳಿಯುತ್ತದೆ, ಇಂಟರ್ನೆಟ್ ಬೇಕಿಲ್ಲ. ಕೆಳಗಿನ ‘ಪ್ರಿವ್ಯೂ’ ಒತ್ತಿದರೆ ಬರಹ ತಾಣದಲ್ಲಿ ಹೇಗೆ ಕಾಣುವುದೆಂದು ತಿಳಿಯುತ್ತದೆ. ಫೋಟೋ ಸೇರಿಸಿದ ಮೇಲೆ ಅದರ ಅಳತೆಯನ್ನು ಕಿರಿದು ಮಾಡುವುದು ಒಳ್ಳೆಯದು. ಮೊಬೈಲಿನ ಫೋಟೋ ಹಲವು ಎಂಬಿ ಇರುತ್ತದೆ, ಹಳ್ಳಿಯ ಓದುಗರ ಫೋನಿನಲ್ಲಿ ಪುಟ ತೆರೆಯಲು ತಡವಾಗುತ್ತದೆ.

ಕಳುಹಿಸಲು ಎರಡು ದಾರಿಗಳಿವೆ. ‘ಪಬ್ಲಿಷ್’ ಒತ್ತಿದರೆ ನೇರವಾಗಿ ಪ್ರಕಟವಾಗುತ್ತದೆ. ‘ಪೋಸ್ಟ್ ಡ್ರಾಫ್ಟ್ ಟು ಬ್ಲಾಗ್’ ಆರಿಸಿದರೆ ತಾಣದಲ್ಲಿ ಕರಡಾಗಿ ಕೂರುತ್ತದೆ, ಹಿರಿಯರೊಬ್ಬರು ನೋಡಿ ಪ್ರಕಟಿಸಬಹುದು. ನಿಧನವಾರ್ತೆ, ದಾನಿಗಳ ಪಟ್ಟಿ, ಹಣದ ಲೆಕ್ಕ ಇವುಗಳಿಗೆ ಎರಡನೆಯ ದಾರಿಯೇ ಸರಿ. ದಾನಿಗಳ ಹೆಸರಿನ ಮುಂದೆ ಒಂದು ಸೊನ್ನೆ ಹೆಚ್ಚುಕಡಿಮೆಯಾದರೂ ಮನಸ್ತಾಪಕ್ಕೆ ಅಷ್ಟೇ ಸಾಕು.

ಸಂಪರ್ಕ ಆಗದಿದ್ದರೆ

ವಿಳಾಸ, ಹೆಸರು, ಗುಪ್ತಪದ ಎಲ್ಲ ಸರಿಯಿದ್ದರೂ ಸೇರಿಕೊಳ್ಳದಿದ್ದರೆ ಕಾರಣ ಸಾಮಾನ್ಯವಾಗಿ ತಾಣದ ಕಡೆ ಇರುತ್ತದೆ. ಇಂಥ ತಂತ್ರಾಂಶಗಳು ‘ಎಕ್ಸ್‌ಎಂಎಲ್-ಆರ್‌ಪಿಸಿ’ ಎಂಬ ಬಾಗಿಲಿನಿಂದ ಒಳಬರುತ್ತವೆ. ಕಳ್ಳರೂ ಅದೇ ಬಾಗಿಲು ತಟ್ಟುವುದರಿಂದ ಕೆಲವು ಹೋಸ್ಟಿಂಗ್ ಸಂಸ್ಥೆಗಳು ಮತ್ತು ಭದ್ರತಾ ಪ್ಲಗಿನ್‌ಗಳು ಅದನ್ನು ಮುಚ್ಚಿರುತ್ತವೆ. ತಾಣ ನೋಡಿಕೊಳ್ಳುವವರಿಗೆ ಈ ಹೆಸರು ಹೇಳಿ ವಿಚಾರಿಸಿದರೆ ವಿಷಯ ಗೊತ್ತಾಗುತ್ತದೆ. ಅವರು ತೆರೆಯಲು ಒಪ್ಪದಿದ್ದರೆ ಒತ್ತಾಯ ಮಾಡಬಾರದು. ಕಂಪ್ಯೂಟರಿನಲ್ಲಿ ಬರೆದಿಟ್ಟುಕೊಂಡು ಬ್ರೌಸರಿನಲ್ಲಿ ಅಂಟಿಸುವ ದಾರಿ ಇದ್ದೇ ಇದೆ.

ಬೀಗದ ಕೈ ಯಾರ ಬಳಿ?

ಅನೇಕ ಕಡೆ ಒಂದೇ ಗುಪ್ತಪದ ಆರೇಳು ಜನರ ಮೊಬೈಲಿನಲ್ಲಿ ಓಡಾಡುತ್ತಿರುತ್ತದೆ. ಅಂಗಡಿಯ ಬೀಗದ ಕೈಯನ್ನು ಬೀದಿಗೆಲ್ಲ ಹಂಚಿದಂತೆ ಇದು. ಯಾರು ಏನು ಬದಲಾಯಿಸಿದರೆಂದು ತಿಳಿಯುವುದಿಲ್ಲ. ಒಬ್ಬರ ಫೋನ್ ಕಳೆದರೆ ಇಡೀ ತಾಣ ಅಪಾಯಕ್ಕೆ ಬೀಳುತ್ತದೆ. ಮೇಲೆ ಹೇಳಿದ ಅಪ್ಲಿಕೇಶನ್ ಪಾಸ್‌ವರ್ಡ್‌ನಿಂದ ತಾಣದ ಆಡಳಿತ ಪುಟಕ್ಕೆ ಲಾಗಿನ್ ಆಗಲು ಬರುವುದಿಲ್ಲ. ಲ್ಯಾಪ್‌ಟಾಪ್ ಕಳೆದರೆ ಆ ಒಂದನ್ನು ಮಾತ್ರ ‘ರಿವೋಕ್’ ಒತ್ತಿ ರದ್ದು ಮಾಡಬಹುದು, ಉಳಿದವರ ಕೆಲಸ ನಿಲ್ಲುವುದಿಲ್ಲ. ಓದಿಗಾಗಿ, ಮದುವೆಯಾಗಿ, ಉದ್ಯೋಗಕ್ಕಾಗಿ ಕಾರ್ಯಕರ್ತರು ಊರು ಬಿಡುವುದು ಸಹಜ. ಅಂಥವರ ಖಾತೆಯನ್ನು ಅಳಿಸುವಾಗ ಅವರ ಬರಹಗಳನ್ನು ಬೇರೊಬ್ಬರ ಹೆಸರಿಗೆ ವರ್ಗಾಯಿಸುವ ಆಯ್ಕೆಯನ್ನು ವರ್ಡ್‌ಪ್ರೆಸ್ ಕೊಡುತ್ತದೆ. ಅದನ್ನು ಆರಿಸಿದರೆ ಹಳೆಯ ವರದಿಗಳು ತಾಣದಲ್ಲಿ ಉಳಿಯುತ್ತವೆ.

ಆಡಳಿತದ ಮುಖ್ಯ ಗುಪ್ತಪದ ಸಮಿತಿಯ ಕನಿಷ್ಠ ಇಬ್ಬರು ಜವಾಬ್ದಾರರ ಬಳಿ ಇರಲಿ. ತಾಣ ಕಟ್ಟಿದವರೊಬ್ಬರಿಗೇ ಅದು ಗೊತ್ತಿದ್ದು ಅವರು ಸಂಪರ್ಕಕ್ಕೆ ಸಿಗದೆ ಹೋದರೆ, ವರ್ಷಗಟ್ಟಲೆ ಕೂಡಿಟ್ಟ ಫೋಟೋ, ವರದಿಗಳು ಕಣ್ಣೆದುರಿಗಿದ್ದೂ ಕೈಗೆ ಸಿಗದಂತಾಗುತ್ತವೆ. ಮುಂದಿನ ಸಭೆಯಲ್ಲಿಯೇ ಈ ವಿಷಯ ಇತ್ಯರ್ಥ ಮಾಡಿಕೊಳ್ಳುವುದು ಉತ್ತಮ.