ಡ್ಯಾಕ್ ಕೊಳ್ಳುವ ಮುನ್ನ ಒಮ್ಮೆ ಕಣ್ಣು ಮುಚ್ಚಿ ಕೇಳಿ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಗಳೇ ಹೆಚ್ಚು. ಪುಣೆಯ ಕೊಥ್ರೂಡಿನಿಂದ ಬಂದ ಈ ಪತ್ರ ಮಾತ್ರ ಬೇರೆ ತರಹದ್ದು. ಬರೆದವರು ಧಾರವಾಡದ ಕಡೆಯವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮನೆಯಲ್ಲಿ ಒಳ್ಳೆಯ ಆಂಪ್ಲಿಫೈಯರ್, ಒಂದು ಜೊತೆ ಸ್ಪೀಕರ್, ಹಳೆಯ ಸಿಡಿ ಪ್ಲೇಯರ್ ಇದೆ. ಮನ್ಸೂರ್, ಗಂಗೂಬಾಯಿ, ಭೀಮಸೇನರ ಸಿಡಿಗಳು ಎರಡು ಕಪಾಟು ತುಂಬ ಇವೆ. ಅವರ ಪ್ರಶ್ನೆ ಇಷ್ಟೇ: "ನಿವೃತ್ತಿ ಹಣದಲ್ಲಿ ಎರಡು ಲಕ್ಷ ತೆಗೆದಿಟ್ಟಿದ್ದೇನೆ. ಒಂದು ಹೈ-ಎಂಡ್ ಡ್ಯಾಕ್ ತಗೊಂಡರೆ ಮಲ್ಲಿಕಾರ್ಜುನ ಮನ್ಸೂರರ ಹಿಂದಿನ ತಂಬೂರಿ ಈಗಿನದಕ್ಕಿಂತ ಚೆನ್ನಾಗಿ ಕೇಳೀತೇ? ಮನೆಯವಳು ಬೇಡ ಅನ್ನುತ್ತಾಳೆ. ನೀವು ಹೇಳಿದಂತೆ ಮಾಡುತ್ತೇನೆ."

ರೇಡಿಯೋದವರ ಮಾತು ನಂಬಿ ಎರಡು ಲಕ್ಷದ ತೀರ್ಮಾನ! ಓದಿ ಹೆದರಿಕೆಯೇ ಆಯಿತು. ಮುಂಬೈಯಿಂದ ಪುಣೆ ದೂರವೇನಲ್ಲ, ಒಂದು ಭಾನುವಾರ ಅವರ ಮನೆಗೇ ಹೋದೆ. ಅಲ್ಲಿ ಆದದ್ದನ್ನು ಹೇಳುವ ಮೊದಲು, ಡ್ಯಾಕ್ ಅಂದರೆ ಏನು ಅನ್ನುವವರಿಗಾಗಿ ಎರಡು ಮಾತು.

ಡ್ಯಾಕ್ ಎಂದರೆ ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಸಿಡಿಯಲ್ಲಾಗಲಿ ಫೋನಿನಲ್ಲಾಗಲಿ ಹಾಡು ಇರುವುದು ಅಂಕಿಗಳಾಗಿ. ಸ್ಪೀಕರಿಗೆ ಬೇಕಾದದ್ದು ಏರಿಳಿಯುವ ವಿದ್ಯುತ್ತು. ಅಂಕಿಯನ್ನು ವಿದ್ಯುತ್ತಾಗಿ ಮಾಡುವುದೇ ಇದರ ಕೆಲಸ. ಬೇರೆ ಡಬ್ಬಿ ತರದಿದ್ದರೂ ನಿಮ್ಮ ಮನೆಯಲ್ಲಿ ಈಗಾಗಲೇ ನಾಲ್ಕಾರು ಡ್ಯಾಕ್‌ಗಳಿವೆ, ಗೊತ್ತೇ? ಸಿಡಿ ಪ್ಲೇಯರಿನ ಹೊಟ್ಟೆಯಲ್ಲೊಂದು, ಟಿವಿಯಲ್ಲೊಂದು, ಲ್ಯಾಪ್‌ಟಾಪಿನಲ್ಲೊಂದು, ಫೋನಿನಲ್ಲೊಂದು.

ಸಿಡಿಯಲ್ಲಿ ಒಂದು ಸೆಕೆಂಡಿಗೆ 44,100 ಸಲ ಧ್ವನಿಯ ಎತ್ತರವನ್ನು ಅಳೆದು ಬರೆದಿಟ್ಟಿರುತ್ತಾರೆ. ಪ್ರತಿ ಅಳತೆಗೂ 16 ಬಿಟ್, ಅಂದರೆ 65,536 ಮೆಟ್ಟಿಲುಗಳು. ಮೆಟ್ಟಿಲು ಎಂದೊಡನೆ ಬಹಳ ಜನ ತಿಳಿಯುವುದು, ಡಿಜಿಟಲ್ ಧ್ವನಿ ಗರಗಸದ ಹಲ್ಲಿನ ಹಾಗೆ ಒಡೆದು ಒಡೆದು ಬರುತ್ತದೆ, ದುಬಾರಿ ಡ್ಯಾಕ್ ಅದನ್ನು ನುಣುಪು ಮಾಡುತ್ತದೆ ಎಂದು. ಅಂಗಡಿಯವರೂ ಇದೇ ಚಿತ್ರ ಬರೆದು ತೋರಿಸುತ್ತಾರೆ. ಇದು ತಪ್ಪು.

ಅಮ್ಮ ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುತ್ತಿದ್ದುದನ್ನು ನೆನೆಸಿಕೊಳ್ಳಿ. ಅವೇ ಚುಕ್ಕಿಗಳ ಮೇಲೆ ಹತ್ತು ಬಗೆಯ ಎಳೆ ಎಳೆಯಬಹುದು. ಆದರೆ 'ಗೆರೆ ಎಲ್ಲಿಯೂ ಇಂತಿಷ್ಟಕ್ಕಿಂತ ಬೇಗ ತಿರುಗಬಾರದು' ಎಂದು ಒಂದು ಕಟ್ಟು ಹಾಕಿದರೆ? ಆಗ ಎಲ್ಲ ಚುಕ್ಕಿಗಳನ್ನೂ ಹಾದುಹೋಗುವ ಗೆರೆ ಒಂದೇ ಒಂದು ಉಳಿಯುತ್ತದೆ. ಧ್ವನಿಯಲ್ಲಿ ಆ ಕಟ್ಟು ಎಂದರೆ, ಅಳತೆಯ ವೇಗದ ಅರ್ಧಕ್ಕಿಂತ ಮೇಲಿನ ಕಂಪನ ಇರಕೂಡದು ಎಂಬುದು. ಕ್ಲಾಡ್ ಶಾನನ್ ಎಂಬ ಅಮೆರಿಕದ ಗಣಿತಜ್ಞ 1949ರಲ್ಲಿ ಇದನ್ನು ತೋರಿಸಿಕೊಟ್ಟರು. 44,100ರ ಅರ್ಧ 22,050. ಮನುಷ್ಯನ ಕಿವಿಯ ಮಿತಿ 20,000 ಹರ್ಟ್ಸ್, ಅದೂ ಹುಡುಗರಿಗೆ. ನೀವು ನಮ್ಮನ್ನು ಕೇಳುವ ಎಫ್‌ಎಂ 15,000ಕ್ಕೇ ನಿಲ್ಲುತ್ತದೆ, ಯಾರೂ ದೂರು ಬರೆದಿಲ್ಲ! ಆದ್ದರಿಂದ ಸರಿಯಾಗಿ ಮಾಡಿದ ಡ್ಯಾಕ್‌ನಿಂದ ಹೊರಬರುವುದು ಮೆಟ್ಟಿಲಲ್ಲ, ಮೂಲದ ನುಣುಪಾದ ಎಳೆಯೇ.

'ಸರಿಯಾಗಿ ಮಾಡಿದ' ಎಂಬುದರಲ್ಲಿಯೇ ಒಂದು ಕಾಲದಲ್ಲಿ ಕಷ್ಟವೆಲ್ಲ ಇತ್ತು. 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿ ಕಂಪನಿಯ ಮೊದಲ ಸಿಡಿ ಪ್ಲೇಯರಿನಲ್ಲಿ ಎಡಬಲ ಎರಡಕ್ಕೂ ಸೇರಿ ಒಂದೇ ಡ್ಯಾಕ್. ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ದುಡಿಯುತ್ತಿತ್ತು. ಫಿಲಿಪ್ಸ್‌ನವರ ಬಳಿ ಇದ್ದದ್ದು 14 ಬಿಟ್‌ನ ಚಿಪ್. ಅದನ್ನು ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ, ಲೆಕ್ಕದ ಜಾಣ್ಮೆಯಿಂದ 16 ಬಿಟ್‌ನ ಕೆಲಸ ಮಾಡಿಸಿಕೊಂಡರು. ಆಗ ಒಂದು ಪ್ಲೇಯರಿಗೂ ಇನ್ನೊಂದಕ್ಕೂ ವ್ಯತ್ಯಾಸ ಅಳತೆಯಲ್ಲೇ ಎದ್ದು ಕಾಣುತ್ತಿತ್ತು. 'ಡ್ಯಾಕ್ ಬದಲಿಸಿದರೆ ಧ್ವನಿಯೇ ಬದಲಾಗುತ್ತದೆ' ಎಂಬ ಮಾತು ಹುಟ್ಟಿದ್ದು ಆ ದಿನಗಳಲ್ಲಿ. ತಂತ್ರ ಮುಂದೆ ಹೋಯಿತು, ಮಾತು ಅಲ್ಲೇ ಉಳಿಯಿತು.

ಈಗ ಹೈ-ಎಂಡ್ ಎನ್ನಿಸಿಕೊಳ್ಳುವವುಗಳಲ್ಲಿ ಕೆಲವು ಜಾತಿಗಳಿವೆ. ನಿಖರವಾದ ರೆಸಿಸ್ಟರುಗಳನ್ನು ಏಣಿಯಂತೆ ಜೋಡಿಸಿದ ಲ್ಯಾಡರ್ ಡ್ಯಾಕ್ ಒಂದು. ಇಎಸ್‌ಎಸ್, ಎಕೆಎಂ ಮುಂತಾದವರ ಡೆಲ್ಟಾ-ಸಿಗ್ಮಾ ಚಿಪ್ ಬಳಸುವವು ಇನ್ನೊಂದು. ಇಂಗ್ಲೆಂಡಿನ ಚಾರ್ಡ್, ಡಿಸಿಎಸ್ ಕಂಪನಿಗಳಂತೆ ಸ್ವಂತ ವಿನ್ಯಾಸ ಮಾಡಿಕೊಂಡವರು ಮತ್ತೊಂದು. ಯಾವುದು ಮೇಲು ಎಂಬ ಜಗಳ ಮುಗಿಯುವಂಥದ್ದಲ್ಲ. ನಾವು ಅದರಲ್ಲಿ ಬೀಳುವುದೂ ಬೇಡ.

ಸರಿ, ಕೊಥ್ರೂಡಿಗೆ ಬನ್ನಿ. ಅವರ ಗೆಳೆಯರೊಬ್ಬರು ತಮ್ಮ ಎರಡು ಲಕ್ಷದ ಡ್ಯಾಕನ್ನು ಎರವಲು ಕೊಟ್ಟಿದ್ದರು. ನಾನು ಹನ್ನೆರಡು ಸಾವಿರದ ಸಣ್ಣ ಡಬ್ಬಿಯೊಂದನ್ನು ಒಯ್ದಿದ್ದೆ. ಪಕ್ಕಪಕ್ಕ ಇಟ್ಟರೆ ಒಂದು ಅಡಿಕೆ ಪೆಟ್ಟಿಗೆ, ಇನ್ನೊಂದು ಟ್ರಂಕು! ದೊಡ್ಡದರ ಗುಂಡಿ ತಿರುಗಿಸುವುದೇ ಒಂದು ಸುಖ, ಒಪ್ಪಿಕೊಳ್ಳುತ್ತೇನೆ.

ಹೋಲಿಸುವ ಉಪಾಯ ಸುಲಭ, ನೀವೂ ಮಾಡಬಹುದು. ಹಳೆಯ ಸಿಡಿ ಪ್ಲೇಯರುಗಳ ಬೆನ್ನಿನಲ್ಲಿ ಅನೇಕ ವೇಳೆ ಎರಡು ಡಿಜಿಟಲ್ ಕಿಂಡಿಗಳಿರುತ್ತವೆ, ಆಪ್ಟಿಕಲ್ ಒಂದು, ಕೋಆಕ್ಸಿಯಲ್ ಒಂದು. ಒಂದರಿಂದ ಒಂದು ಡ್ಯಾಕ್‌ಗೆ, ಇನ್ನೊಂದರಿಂದ ಮತ್ತೊಂದಕ್ಕೆ ವೈರು ಕೊಟ್ಟೆವು. ಒಂದೇ ಸಿಡಿ, ಒಂದೇ ಕ್ಷಣ, ಎರಡೂ ಡ್ಯಾಕ್ ಹಾಡುತ್ತಿರುತ್ತವೆ. ಆಂಪ್ಲಿಫೈಯರಿನ ಗುಂಡಿ ತಿರುಗಿಸಿದರೆ ಇದರಿಂದ ಅದಕ್ಕೆ. ಅವುಗಳ ಮೇಲೆ ಟವೆಲು ಹೊದಿಸಿ, ಮಗಳನ್ನು ಗುಂಡಿಯ ಹತ್ತಿರ ಕೂರಿಸಿದೆವು. ಅವಳು ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಡ್ಯಾಕ್ ಆರಿಸಿ, ಚೀಟಿಯಲ್ಲಿ ಬರೆದುಕೊಳ್ಳಬೇಕು. ಮೊದಲಿನದೇ ಬಂದರೂ ಗುಂಡಿಯನ್ನು ಒಮ್ಮೆ ಆಚೀಚೆ ಮಾಡಬೇಕು. ಇವರು ಬೆನ್ನು ತಿರುಗಿಸಿ ಕೂತು 'ದೊಡ್ಡದು' ಅಥವಾ 'ಸಣ್ಣದು' ಎನ್ನಬೇಕು. ಹೀಗೆ 16 ಸಲ.

ಮೊದಲ ಸುತ್ತಿನಲ್ಲಿ 16ಕ್ಕೆ 14 ಸರಿ! ಅವರ ಮುಖ ನೋಡಬೇಕಿತ್ತು. "ಕೇಳಿದಿರಾ, ತಂಬೂರಿ ಎಷ್ಟು ಮುಂದೆ ಬಂತು?" ಎಂದು ಹೆಂಡತಿಯ ಕಡೆ ತಿರುಗಿದರು. ಅವರು ಏನೂ ಹೇಳದೆ ಒಳಗೆ ಚಹಾ ಮಾಡಲು ಹೋದರು.

ಆಮೇಲೆ ಚೀಲದಿಂದ ಮಲ್ಟಿಮೀಟರ್ ತೆಗೆದೆ. 100 ಹರ್ಟ್ಸ್‌ನ ಒಂದೇ ಸಮನೆಯ ನಾದವನ್ನು ಸಿಡಿಗೆ ಬರೆದು ಒಯ್ದಿದ್ದೆ. ಅದನ್ನು ಹಾಕಿ, ಸ್ಪೀಕರಿನ ತುದಿಗಳಲ್ಲಿ ಎಸಿ ವೋಲ್ಟ್ ಅಳೆದೆ. (ಅಳೆಯುವಾಗ ಎರಡು ಕಡ್ಡಿಗಳು ಒಂದಕ್ಕೊಂದು ತಾಗದಂತೆ ಜೋಕೆ, ಆಂಪ್ಲಿಫೈಯರ್ ಸುಟ್ಟೀತು.) ದೊಡ್ಡ ಡ್ಯಾಕ್ ಕಾಲು ಪಾಲು ಹೆಚ್ಚು ವೋಲ್ಟ್ ಕೊಡುತ್ತಿತ್ತು. ಸಾಮಾನ್ಯವಾಗಿ ಡ್ಯಾಕ್‌ಗಳು 2 ವೋಲ್ಟ್ ಕೊಡುತ್ತವೆ, ಇದು ಎರಡೂವರೆ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 2 ಡೆಸಿಬೆಲ್ ಜೋರು. ಇಷ್ಟು ಸಣ್ಣ ಹೆಚ್ಚಳವನ್ನು ನಮ್ಮ ಕಿವಿ ಅನೇಕ ವೇಳೆ 'ಜೋರು' ಎಂದು ಗುರುತಿಸುವುದಿಲ್ಲ. ಸ್ಪಷ್ಟ, ತುಂಬಿದ, ಹತ್ತಿರದ ಧ್ವನಿ ಎಂದುಕೊಳ್ಳುತ್ತದೆ. ಅಂಗಡಿಯಲ್ಲಿ ದುಬಾರಿ ಡ್ಯಾಕನ್ನು ಎಕ್ಸ್‌ಎಲ್‌ಆರ್ ವೈರಿನಲ್ಲೂ ಅಗ್ಗದ್ದನ್ನು ಆರ್‌ಸಿಎ ವೈರಿನಲ್ಲೂ ಕೇಳಿಸಿದರೆ ಇನ್ನೂ ಎಚ್ಚರವಿರಲಿ. ಎಕ್ಸ್‌ಎಲ್‌ಆರ್‌ನಲ್ಲಿ ಬರುವುದು ಸಾಮಾನ್ಯವಾಗಿ 4 ವೋಲ್ಟ್, ವ್ಯತ್ಯಾಸ 6 ಡೆಸಿಬೆಲ್. ಆಗ ಯಾವುದು ಗೆಲ್ಲುತ್ತದೆಂದು ಬೇರೆ ಹೇಳಬೇಕೆ?

ದೊಡ್ಡದರ ವಾಲ್ಯೂಮನ್ನು ಇಳಿಸುತ್ತ ಇಳಿಸುತ್ತ ಎರಡರ ವೋಲ್ಟೂ ನೂರಕ್ಕೆ ಒಂದರೊಳಗೆ ಬರುವಂತೆ ಮಾಡಿದೆ. ಅಷ್ಟು ಹತ್ತಿರ ತರಲೇಬೇಕು. ಮತ್ತೆ 16 ಸಲ. ಈ ಸಲ ಸರಿಯಾದವು 7. ನಾಣ್ಯವನ್ನೇ ಕೇಳಿದ್ದರೂ 8ರ ಆಸುಪಾಸು ಬರುತ್ತಿತ್ತು. 16ರಲ್ಲಿ 12 ಸರಿ ಬಂದರೆ ಮಾತ್ರ 'ಏನೋ ಕೇಳುತ್ತಿದೆ' ಎಂದು ನಂಬಬಹುದು. ನನ್ನನ್ನೂ ಕೂರಿಸಿದರು. ನನಗೆ ಬಂದದ್ದು 9. ಇಷ್ಟು ವರ್ಷ ರೇಡಿಯೋದಲ್ಲಿ ಕಿವಿ ತೀಡಿಕೊಂಡದ್ದಕ್ಕೆ ಅಷ್ಟೇ ಬಹುಮಾನ!

ನಮ್ಮಿಬ್ಬರ ಕಿವಿಯನ್ನೇ ನಂಬಬೇಡಿ. ಅಮೆರಿಕದಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸಿಡಿಗಿಂತ ಮೇಲ್ಮಟ್ಟದ ಮುದ್ರಣದ ನಡುವೆ ಸಿಡಿ ಮಟ್ಟದ ಪರಿವರ್ತನೆಯನ್ನು ತೂರಿಸಿದ್ದರು. 554 ಸಲ ಕೇಳಿಸಿದಾಗ ಸರಿಯಾಗಿ ಹೇಳಿದ್ದು 276 ಸಲ, ಅರ್ಧಕ್ಕರ್ಧ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಲಂಡನ್ನಿನ ಸಂಶೋಧಕ ಜೋಶುವಾ ರೈಸ್ 2016ರಲ್ಲಿ ಇಂಥ 18 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ನೂರಕ್ಕೆ 52ರಷ್ಟು ಸರಿ ಉತ್ತರ ಕಂಡರು. ಕಿವಿ ಪಳಗಿದವರಲ್ಲಿ ಸಾಕಷ್ಟು ಹೆಚ್ಚು. ಅಂದರೆ ವ್ಯತ್ಯಾಸ ಸೊನ್ನೆ ಎನ್ನಲಾಗದು, ಆದರೆ ಸಾಮಾನ್ಯ ಕೇಳುಗರಿಗೆ ಕೂದಲೆಳೆಯಷ್ಟು.

ಹಾಗಾದರೆ ತಂಬೂರಿ ಎಲ್ಲಿ ಅಡಗಿತ್ತು? ಆ ಮುದ್ರಣ ಹಳೆಯ ಮೋನೋ ಟೇಪಿನಿಂದ ಸಿಡಿಗೆ ಇಳಿಸಿದ್ದು. ಆ ಕಾಲದ ಒಳ್ಳೆಯ ಟೇಪಿನಲ್ಲೂ ಹಾಡಿಗೂ ಟೇಪಿನ ಸುಯ್ ಎಂಬ ಸದ್ದಿಗೂ ನಡುವಿನ ಅಂತರ 60ರಿಂದ 70 ಡೆಸಿಬೆಲ್. ಸಿಡಿಯ ಶಕ್ತಿ 96, ಇಂದಿನ ಒಳ್ಳೆಯ ಡ್ಯಾಕ್‌ಗಳದು 120ರ ಮೇಲೆ. ಟೇಪಿನ ಸದ್ದಿನ ಅಡಿಯಲ್ಲಿ ಹೂತದ್ದನ್ನು ಯಾವ ಡ್ಯಾಕೂ ಅಗೆದು ತರಲಾರದು. ಮೇಲಾಗಿ ಫ್ಯಾನು ತಿರುಗುವ ಪೇಟೆಯ ಫ್ಲ್ಯಾಟಿನಲ್ಲಿ ಕೋಣೆಯ ಸದ್ದೇ 40 ಡೆಸಿಬೆಲ್ ಹತ್ತಿರ ಇರುತ್ತದೆ.

ಕೋಣೆಯನ್ನು ಒಮ್ಮೆ ನೋಡಿದೆ. ಎಡ ಸ್ಪೀಕರ್ ಗಾಜಿನ ಶೋಕೇಸಿನ ಪಕ್ಕ ಮೂಲೆಗೆ ಒತ್ತಿಕೊಂಡಿತ್ತು. ಬಲದ್ದು ಸೋಫಾದ ಕೈಯ ಹಿಂದೆ. ಮೂಲೆಯಲ್ಲಿಟ್ಟ ಸ್ಪೀಕರಿನ ಕೆಳಸ್ವರ ಉಬ್ಬಿ ಗುಂಯ್‌ಗುಟ್ಟುತ್ತದೆ. ತಂಬೂರಿಯ ಖರ್ಜದ ಮೇಲೆ ಏಳುವ ಸಣ್ಣ ಸಣ್ಣ ಸ್ವರಗಳನ್ನು ಅದೇ ನುಂಗುತ್ತದೆ. ಶೋಕೇಸನ್ನು ಬಾಲ್ಕನಿ ಬಾಗಿಲ ಕಡೆ ಸರಿಸಿ, ಎರಡೂ ಸ್ಪೀಕರುಗಳನ್ನು ಗೋಡೆಯಿಂದ ಎರಡಡಿ ಮುಂದೆ ತಂದು, ನೆಲಕ್ಕೊಂದು ಜಮಖಾನೆ ಹಾಸಿದೆವು. ಅದೇ ಸಿಡಿ, ಸಣ್ಣ ಡ್ಯಾಕ್. ಮನ್ಸೂರರು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ತಂಬೂರಿಯ ಜೀವಾಳಿ ಝೇಂಕರಿಸಿದ್ದು ಅಡುಗೆಮನೆಯ ಬಾಗಿಲವರೆಗೂ ಕೇಳಿತು. ಈ ಸಲ ಯಾರೂ ಚೀಟಿ ಬರೆಯಬೇಕಾಗಿರಲಿಲ್ಲ.

ಇಷ್ಟು ಓದಿ 'ಡ್ಯಾಕೇ ಬೇಡ' ಎಂದುಕೊಳ್ಳಬೇಡಿ. ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಯಿಂದ ಸುಯ್ ಎಂದೋ ಕಿರಿಕಿರಿ ಎಂದೋ ಸದ್ದು ಬರುತ್ತಿದ್ದರೆ ಹೊರಗಿನ ಡ್ಯಾಕ್ ಖಂಡಿತ ಉಪಯೋಗ. ಆಂಪ್ಲಿಫೈಯರಿನಲ್ಲಿ ಗುಂಯ್ ಎಂಬ ಹಮ್ ಇದ್ದರೆ ಮೊದಲು ಮನೆಯ ಅರ್ಥಿಂಗ್ ನೋಡಿಸಿ. ಯುಎಸ್‌ಬಿ ಬದಲು ಆಪ್ಟಿಕಲ್ ವೈರು ಹಾಕಿ ನೋಡಿ. ಅದರಲ್ಲಿ ಹರಿಯುವುದು ಬೆಳಕಾದ್ದರಿಂದ ಹಮ್ ದಾಟಿ ಬರಲಾರದು. ಓವರ್‌ಸ್ಯಾಂಪ್ಲಿಂಗ್ ಇಲ್ಲದ ಡ್ಯಾಕ್ ಎಂದು ಮಾರುವವು ಮಾತ್ರ ನಿಜಕ್ಕೂ ಬೇರೆ ಕೇಳಬಹುದು, ಏಕೆಂದರೆ ಸಿಡಿ ಹಾಕಿದಾಗ 20,000 ಹರ್ಟ್ಸ್ ಹತ್ತಿರ ಅವು 3 ಡೆಸಿಬೆಲ್ ಇಳಿಯುತ್ತವೆ. ಆ ಮೆದುತನ ಇಷ್ಟವಾದರೆ ಕೊಳ್ಳಿ, ಆದರೆ ಅದು ಹೆಚ್ಚು ನಿಖರ ಎಂದುಕೊಳ್ಳಬೇಡಿ.

ದುಬಾರಿ ಡಬ್ಬಿಯಲ್ಲಿ ಹಣ ಹೋಗುವುದು ಬಹುಪಾಲು ಪವರ್ ಸಪ್ಲೈ, ಲೋಹದ ಕವಚ, ರಿಮೋಟು, ಹತ್ತಾರು ಕಿಂಡಿಗಳಿಗೆ. ಅವು ನಿಮಗೆ ಬೇಕೆಂದರೆ ಅದೂ ಒಂದು ಕಾರಣವೇ. ಮುಂಬೈ, ಚೆನ್ನೈ, ದೆಹಲಿ ಎಲ್ಲೇ ಇರಿ, ಕೊಳ್ಳುವಾಗ ರಿಪೇರಿ ನಮ್ಮ ದೇಶದಲ್ಲೇ ಆಗುತ್ತದೆಯೇ, ಮನೆಯಲ್ಲಿ ಕೇಳಿ ಹಿಂದಿರುಗಿಸಬಹುದೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. 'ಇಂಥ ಫಾರ್ಮ್ಯಾಟ್ ಓದುತ್ತದೆ' ಎಂಬ ಸ್ಟಿಕ್ಕರಿಗೆ ಹೆಚ್ಚು ಹಣ ಕೊಡಬೇಡಿ. 2014ರಲ್ಲಿ ಎಂಕ್ಯೂಎ ಎಂಬ ಫಾರ್ಮ್ಯಾಟ್ ಬಂದು, ಅದನ್ನು ಓದುವ ಡ್ಯಾಕ್‌ಗಳಿಗಾಗಿ ಎಷ್ಟೋ ಜನ ಹಣ ಸುರಿದರು. 2023ರಲ್ಲಿ ಆ ಕಂಪನಿಯೇ ದಿವಾಳಿಯ ಅಂಚಿಗೆ ಬಂತು. ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸುತ್ತಿದ್ದ ಟೈಡಲ್ 2024ರಲ್ಲಿ ಕೈಬಿಟ್ಟಿತು.

ಎರಡು ವಾರ ಬಿಟ್ಟು ಕೊಥ್ರೂಡಿನಿಂದ ಫೋನ್ ಬಂತು. ಗೆಳೆಯರ ಡ್ಯಾಕ್ ಹಿಂದಿರುಗಿಸಿದ್ದಾರೆ. ಸಣ್ಣದೊಂದು ತಂದು ಟಿವಿಗೂ ಸಿಡಿಗೂ ಸೇರಿಸಿಕೊಂಡಿದ್ದಾರೆ. ಉಳಿದ ಹಣ ಬ್ಯಾಂಕಿನಲ್ಲೇ ಇದೆ, ಹೊಸ ಸ್ಪೀಕರಿನ ಕ್ಯಾಟಲಾಗು ತರಿಸಿದ್ದಾರಂತೆ. ಈಗ ಇರುವ ತೊಂದರೆ ಒಂದೇ. ಶೋಕೇಸ್ ಅಡ್ಡ ಬಂದು ಬಾಲ್ಕನಿ ಬಾಗಿಲು ಅರ್ಧವೇ ತೆರೆಯುತ್ತದೆ, ಬಟ್ಟೆ ಒಣಹಾಕಲು ಮನೆಯಾಕೆ ಅಡ್ಡವಾಗಿ ನುಸುಳಿ ಹೋಗಬೇಕು. "ನೀವೇ ಅವಳಿಗೆ ಒಂದು ಮಾತು ಹೇಳಿ" ಎಂದರು. ಕ್ಷಮಿಸಿ ಸ್ವಾಮಿ, ಅದು ನಮ್ಮ ಕೈಯಲ್ಲಿಲ್ಲ.